ಮಾರ್ತಮ್ಮನ ರೊಟ್ಟಿಬುಟ್ಟಿ

ನಾನು ನಿವೃತ್ತಳಾದ ದಿನ ರಾಯಚೂರಿನ ಕ್ರೈಸ್ತ ಸಭೆಯವರು ನನಗೆ ಶಾಲು ಹೊದಿಸಿ, 'ಶಾಂತಸ್ವಭಾವದ ಸೇವಕಿ' ಎಂದು ಮೈಕಿನಲ್ಲಿ ಹೊಗಳಿದರು. ಎದುರಿಗೆ ಕೂತಿದ್ದ ಹಳಬರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಶಾಂತಸ್ವಭಾವ ನನ್ನ ಹತ್ತಿರ ಯಾವತ್ತೂ ಸುಳಿದಿಲ್ಲ. ನಾನು ಜಗಳಗಂಟಿ. ಸಭೆಯ ಜನ ಒಬ್ಬರನ್ನೊಬ್ಬರು ಪ್ರೀತಿಸಬೇಕೆಂದು ಕೆಲಸದಲ್ಲಿದ್ದಷ್ಟು ಕಾಲವೂ ಜಗಳವಾಡಿದವಳು. ಜಗಳವಾಡದೆ ಅದನ್ನು ಮಾಡುವುದು ಹೇಗೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಈಗ ಬೈಬಲ್ ಶಾಲೆ ಮುಗಿಸಿ ಈ ಕೆಲಸಕ್ಕೆ ಬರುತ್ತಿರುವ ಹುಡುಗಿಯರು ಆಗಾಗ ನಮ್ಮ ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಚಾರ ಇದರಲ್ಲಿಲ್ಲ. ನಮ್ಮನ್ನು ಜನ ಬೈಬಲ್ ಬಾಯಿ, ಅಂದರೆ ಬೈಬಲ್ ಹೇಳುವ ಹೆಂಗಸು, ಎನ್ನುತ್ತಿದ್ದರು. ಕಾಗದದ ಮೇಲೆ ಸುವಾರ್ತಾ ಸೇವಕಿ. ಸೇರಿದ ದಿನ ಏನಾಗಿದ್ದೆನೋ ಬಿಟ್ಟ ದಿನವೂ ಅದೇ ಆಗಿದ್ದೆ. ಪಾದ್ರಿಗಳು ಭಾನುವಾರ ಪ್ರಸಂಗ ಮಾಡುತ್ತಿದ್ದರು, ಉಳಿದ ದಿನಗಳಲ್ಲಿ ನಾವು ಮನೆಮನೆ ತಿರುಗುತ್ತಿದ್ದೆವು. ಬಾಣಂತಿಯರನ್ನು ನೋಡಿ ಬರುವುದು, ಹೆಂಗಸರಿಗೆ ಅಕ್ಷರ ಕಲಿಸುವುದು, ಮಾತುಬಿಟ್ಟ ಅತ್ತೆಸೊಸೆಯರ ನಡುವೆ ಕೂತು ಮಾತಾಡಿಸುವುದು, ಇದೆಲ್ಲ ನಮ್ಮ ಪಾಲಿನ ಕೆಲಸ.

ನನಗೆ ಕೆಲಸ ಕಲಿಸಿದವರು ರಾಯಚೂರಿನಲ್ಲಿದ್ದ ಹಿರಿಯ ಸೇವಕಿ ರಾಹೇಲಮ್ಮ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಮೊದಲ ವಾರವೇ ನನ್ನನ್ನು ಬಸ್ಸಿನಲ್ಲಿ ಗಿಲ್ಲೆಸುಗೂರಿಗೆ ಕರೆದುಕೊಂಡು ಹೋದರು. ನಾನು ಪಾಠದ ಚಿತ್ರಗಳನ್ನು ಚೀಲದ ತುಂಬ ತುಂಬಿಕೊಂಡಿದ್ದೆ. ರಾಹೇಲಮ್ಮ ಮೊದಲನೆಯ ಮನೆಯ ಕಟ್ಟೆಯ ಮೇಲೆ ಕೂತವರೇ, 'ಯವ್ವಾ, ಕುಡ್ಯಾಕ ಒಂದಿಷ್ಟು ನೀರು ಕೊಡು' ಎಂದರು. ಮುಂದಿನ ಮನೆಯಲ್ಲೂ ಅದೇ ಮಾತು. ಅದರ ಮುಂದಿನ ಮನೆಯಲ್ಲಿ ನಾನು ನನಗೆ ನೀರು ಬೇಡ ಎಂದೆ. ಹೊರಗೆ ಬಂದ ಮೇಲೆ ಸರಿಯಾಗಿ ಗದರಿಸಿದರು.

'ನಿನಗ ನೀರಡಿಕಿ ಆಗ್ಯದೋ ಇಲ್ಲೋ ಯಾರು ಕೇಳ್ಯಾರ? ಅವರ ಚರಗಿ ಮುಟ್ಟು, ಕುಡಿ. ನೀರು ಕುಡೀಲಾರದ ಮನ್ಯಾಗ ನೀ ಎಂಥಾ ಪ್ರಾರ್ಥನಿ ಮಾಡ್ತಿ? ಅವರಿಗೆ ತಿಳಿಯಂಗಿಲ್ಲ ಅಂತ ಮಾಡೀಯೇನು?'

ಬೈಬಲ್ ಶಾಲೆಯಲ್ಲಿ ಕಲಿತ ಯಾವ ಪಾಠವೂ ನನಗೆ ಇಷ್ಟು ಉಪಯೋಗಕ್ಕೆ ಬರಲಿಲ್ಲ. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ನೀರು ಕೇಳಿದೆ. ಬಾವಿಯದು, ಹಳ್ಳದ್ದು, ಸವಳು ನೀರು, ಎಲ್ಲವನ್ನೂ ಕುಡಿದೆ. ಹೊಟ್ಟೆ ಕೆಡಿಸಿಕೊಂಡು ಮಲಗಿದ್ದೂ ಉಂಟು. ಹುಡುಗಿಯರೇ, ನೀವೀಗ ಬಾಟಲಿ ನೀರು ಹಿಡಿದುಕೊಂಡು ಮನೆಭೇಟಿಗೆ ಹೋಗುತ್ತೀರಿ. ಆರೋಗ್ಯಕ್ಕೆ ಒಳ್ಳೆಯದೇ ಇರಬಹುದು. ನಾನು ಮಾತ್ರ ಅದನ್ನು ಒಪ್ಪುವುದಿಲ್ಲ.

ಆಮೇಲೆ ನನ್ನನ್ನು ಮಾನ್ವಿಗೆ ಹಾಕಿದರು. ಅಲ್ಲಿನ ಸಭೆಯಲ್ಲಿ ಸಾಮುವೇಲ ಮಾಸ್ತರರು ಎಂಬವರು ಹಾರ್ಮೋನಿಯಂ ನುಡಿಸುತ್ತಿದ್ದರು. ಪೆಟ್ಟಿಗೆ ಅವರ ಸ್ವಂತದ್ದು. ದಾನಿಯೇಲ ಎಂಬ ಯುವಕ ಒಂದು ಕ್ರಿಸ್ಮಸ್ ದಿನ ಎಲ್ಲರ ಮುಂದೆ, 'ಮಾಸ್ತರ, ಪೆಟ್ಟಿಗಿ ಶ್ರುತಿ ತಪ್ಪ್ಯದ' ಎಂದುಬಿಟ್ಟ. ಮಾಸ್ತರರು ಪೆಟ್ಟಿಗೆ ಮುಚ್ಚಿ ಮನೆಗೆ ಒಯ್ದರು. ಒಂದಷ್ಟು ಜನ ಮಾಸ್ತರರ ಕಡೆಗೆ, ಒಂದಷ್ಟು ಜನ ದಾನಿಯೇಲನ ಕಡೆಗೆ ಆದರು. ಆಚೆ ಕಡೆಯ ಮಗು ಕೆಮ್ಮಿದರೆ ಈಚೆ ಕಡೆಯವರು ಮುಖ ತಿರುಗಿಸುವ ಮಟ್ಟಕ್ಕೆ ಹೋಯಿತು. ಪಾದ್ರಿಗಳು, ದೇವರು ಸಮಯಕ್ಕೆ ಸರಿಮಾಡುತ್ತಾನೆ, ಕಾಯೋಣ ಎಂದರು. ಕಾಯುವುದು ನನಗೆ ಬರುವುದಿಲ್ಲ.

ನನ್ನ ಕಂಠ ಎಂಥದ್ದೆಂದು ಕೇಳಿದವರಿಗೆ ಗೊತ್ತು. ಮುಂದಿನ ಭಾನುವಾರದಿಂದ ಹಾಡು ಎತ್ತುವ ಕೆಲಸವನ್ನು ನಾನೇ ವಹಿಸಿಕೊಂಡೆ. ಎಲ್ಲ ಚರಣಗಳನ್ನೂ ಬಿಡದೆ, ಗಟ್ಟಿಯಾಗಿ ಹಾಡಿದೆ. ಬೇಸಿಗೆ ಬರುವ ಹೊತ್ತಿಗೆ ಮಾಸ್ತರರು ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದರು.

'ಅಕ್ಕಾರ, ನೀವು ಹಾಡೂದು ಬಿಡ್ರಿ. ನಾ ಪೆಟ್ಟಿಗಿ ತರ್ತೀನಿ.'

'ನೀವು ತರೂದು ಬ್ಯಾಡ್ರಿ ಮಾಸ್ತರ. ದಾನಿಯೇಲ ಹೊತ್ಕೊಂಡು ಬರ್ತಾನ, ನೀವು ಅವನ ಜೋಡಿ ನಡ್ಕೊಂತ ಬರ್ರಿ.'

ದಾನಿಯೇಲ ಮೊದಲು ಆಗುವುದಿಲ್ಲ ಎಂದ. ಹಾಗಾದರೆ ಈಸ್ಟರಿಗೂ ನಾನೇ ಹಾಡುತ್ತೇನೆ ಎಂದೆ. ಭಾನುವಾರ ಬೆಳಿಗ್ಗೆ ಪೆಟ್ಟಿಗೆ ಅವನ ಹೆಗಲ ಮೇಲಿತ್ತು. ದಾರಿಯುದ್ದಕ್ಕೂ ಅವರಿಬ್ಬರೂ ನನ್ನ ಕಂಠವನ್ನು ಬೈದುಕೊಂಡು ಬಂದರಂತೆ. ಬೈಯಲಿ. ಒಟ್ಟಿಗೆ ಬೈದರಲ್ಲ, ನನಗೆ ಅಷ್ಟು ಸಾಕಾಗಿತ್ತು. ಈ ದಾನಿಯೇಲನನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತಾನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ದೇವದುರ್ಗಕ್ಕೆ ಬಂದೆ. ಇಲ್ಲಿನ ಮಾತು ಹಾರ್ಮೋನಿಯಂನಷ್ಟು ಹಗುರದ್ದಲ್ಲ.

ಅಲ್ಲಿನ ಸಭೆಯ ಜನ ಎರಡು ಓಣಿಯವರು. ಮೇಲಿನ ಓಣಿ, ಕೆಳಗಿನ ಓಣಿ. ಎರಡೂ ಕಡೆಯವರು ಹೊಲದ ಕೂಲಿಯವರೇ, ಎರಡೂ ಕಡೆಯವರನ್ನು ಊರು ಹೊರಗೇ ಇಟ್ಟಿತ್ತು. ಆದರೂ ತಾತನ ಕಾಲದಲ್ಲಿ ಜಾತಿ ಬಿಟ್ಟು ಬಂದೆವು ಎನ್ನುತ್ತಿದ್ದ ಜನ ಬರುವಾಗ ಒಂದು ತುಣುಕನ್ನು ಸೆರಗಿನಲ್ಲಿ ಕಟ್ಟಿಕೊಂಡೇ ಬಂದಿದ್ದರು. ಮೇಲಿನ ಓಣಿಯವರು ಕೆಳಗಿನ ಓಣಿಯವರ ಕೈಯಡುಗೆ ಉಣ್ಣುತ್ತಿರಲಿಲ್ಲ. ಗುಡಿಯಲ್ಲಿ, ಅಲ್ಲಿ ಚರ್ಚಿಗೆ ಹಾಗೇ ಎನ್ನುವುದು, ಒಂದೇ ಚಾಪೆಯ ಮೇಲೆ ಕೂರುತ್ತಿದ್ದರು, ಒಂದೇ ಪುಸ್ತಕ ಹಿಡಿದು ಹಾಡುತ್ತಿದ್ದರು, ಅನ್ನದ ಮಾತು ಬಂದಾಗ ಮಾತ್ರ ಬೇರೆ.

ಹಿಡಿ ಜೋಳದ ಪದ್ಧತಿ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಮನೆಯಲ್ಲೂ ಹೆಂಗಸರು ಜೋಳ ಬೀಸುವ ಮುಂಚೆ ಒಂದು ಹಿಡಿ ತೆಗೆದು ದೇವರ ಗಡಿಗೆಗೆ ಹಾಕುತ್ತಿದ್ದರು. ಶನಿವಾರ ನಾನು ಎರಡೂ ಓಣಿ ತಿರುಗಿ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದುಕೊಳ್ಳುತ್ತಿದ್ದೆ. ಭಾನುವಾರ ಅದನ್ನು ಗುಡಿಯಲ್ಲಿ ಹರಾಜು ಹಾಕಿದರೆ ಯಾರು ಬೇಕಾದರೂ ಕೊಂಡು ಮನೆಗೆ ಒಯ್ಯುತ್ತಿದ್ದರು. ಕಾಳು ಕೂಡುವುದಕ್ಕೆ ಯಾರ ತಕರಾರೂ ಇರಲಿಲ್ಲ. ಅದೇ ಕಾಳು ಹಿಟ್ಟಾಗಿ, ನೀರು ಬಿದ್ದು, ರೊಟ್ಟಿಯಾದ ಕೂಡಲೇ ಓಣಿ ಹುಟ್ಟಿಕೊಳ್ಳುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಒಂದು ಭಾನುವಾರ ಸಭೆಯಲ್ಲಿ ಪ್ರೀತಿ ಊಟ. ಹೆಸರು ಹಾಗೆ. ಮನೆಗೊಂದು ಬುಟ್ಟಿ ರೊಟ್ಟಿ ತರಬೇಕು, ಬುಟ್ಟಿಗಳನ್ನೆಲ್ಲ ಸಾಲಾಗಿ ಇಡಬೇಕು, ಎಲ್ಲರೂ ಹಂಚಿಕೊಂಡು ಉಣ್ಣಬೇಕು. ನನ್ನ ಮೊದಲ ವರ್ಷ ನೋಡುತ್ತ ನಿಂತೆ. ಯಾರೂ ಏನೂ ಹೇಳಲಿಲ್ಲ, ಆದರೂ ಮೇಲಿನ ಓಣಿಯ ಕೈ ಮೇಲಿನ ಓಣಿಯ ಬುಟ್ಟಿಗೇ ಹೋಯಿತು. ಕೆಳಗಿನ ಓಣಿಯವರು ತಮ್ಮ ತಮ್ಮ ಬುಟ್ಟಿಯನ್ನೇ ಬಿಚ್ಚಿ ಉಂಡರು. ಒಂದು ಬುಟ್ಟಿಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ಅದು ಕೆಳಗಿನ ಓಣಿಯ ಮಾರ್ತಮ್ಮನದು. ಗಂಡ ಸತ್ತು ಒಂಟಿಯಾಗಿದ್ದ ಹೆಂಗಸು, ಹತ್ತಿ ಬಿಡಿಸುವುದರಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಎಳ್ಳು ಒತ್ತಿ ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದಳು. ತನ್ನವರೊಂದಿಗೆ ಕೂತು ಉಣ್ಣದೆ, ಯಾರಾದರೂ ಬಂದು ಕೇಳುತ್ತಾರೇನೋ ಎಂದು ಬುಟ್ಟಿಯನ್ನು ಸಾಲಿನ ನಡುವೆ ಇಟ್ಟು ಕಾದಳು. ಯಾರೂ ಕೇಳಲಿಲ್ಲ. ಬುಟ್ಟಿ ಹೊತ್ತು ಮನೆಗೆ ಹೊರಟವಳ ಜೊತೆ ನಾನೂ ನಡೆದೆ. ಓಣಿಯ ಬಾಯಿಗೆ ಬಂದಾಗ ನಿಂತಳು.

'ಅಕ್ಕಾರ, ಪ್ರತಿ ವರ್ಷ ಹಿಂಗ ತರ್ತೀನಿ, ಹಿಂಗ ಹೊತ್ಕೊಂಡು ಹೋಗ್ತೀನಿ. ಇನ್ನೊಂದು ಸುಗ್ಗಿ ನೋಡ್ತೀನ್ರಿ. ಆವಾಗೂ ನನ್ನ ರೊಟ್ಟಿ ವಾಪಸ್ ಬಂದ್ರ, ನಾ ಗುಡಿ ಹೊಸ್ತಿಲ ತುಳಿಯಂಗಿಲ್ಲ. ನನ್ನ ಹಿಂದ ನಮ್ಮ ಓಣ್ಯಾಗ ಯಾರ್ಯಾರು ಬಿಡ್ತಾರೋ ನಾ ಹೇಳಂಗಿಲ್ಲ.'

ಅವಳ ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಹೊಟ್ಟೆ ಉರಿದು ಬಂದ ಮಾತು ಅದು. ಮನೆಗೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ಸಿಟ್ಟು ಬಂತು, ಆ ಸಿಟ್ಟಿನ ಮೇಲೆಯೇ ಮುಂದಿನ ಒಂದು ವರ್ಷ ಕೆಲಸ ಮಾಡಿದೆ.

ಮೊದಲು ಸಭೆಯ ಹಿರಿಯ ಯೋಸೇಫಪ್ಪನ ಮನೆಗೆ ಹೋದೆ. ಮೇಲಿನ ಓಣಿಯವರು, ಒಳ್ಳೆಯ ಮನುಷ್ಯ, ಗುಡಿಯ ಮಾಳಿಗೆ ಸೋರಿದರೆ ಯಾರಿಗೂ ಹೇಳದೆ ತಾವೇ ಹತ್ತಿ ಮಣ್ಣು ಹಾಕುವವರು. ನೀರು ಕೇಳಿ ಕುಡಿದು, ವಿಷಯ ಎತ್ತಿದೆ.

'ಅಕ್ಕಾರ, ನಿಮಗೇನು, ಇವತ್ತು ದೇವದುರ್ಗ, ನಾಳಿ ಮತ್ತೊಂದು ಊರು. ನಾವು ಇಲ್ಲೇ ಬಾಳೇವು ಮಾಡಬೇಕು. ನನ್ನ ಮಗಳನ್ನ ಮಸರಕಲ್ಲಿಗೆ ಕೊಡಾಕತ್ತೀವಿ. ನಮ್ಮ ಸಂಬಂಧಿಕರೇ, ಆದ್ರ ಅವರಿನ್ನೂ ನಮ್ಮ ಸಭಾಕ್ಕ ಬಂದಿಲ್ಲ. ಕೆಳಗಿನ ಓಣಿ ರೊಟ್ಟಿ ತಿಂದ್ರು ಅಂತ ಸುದ್ದಿ ಹೋದ್ರ ಸಂಬಂಧ ಮುರೀತದ. ಆಮ್ಯಾಲ ನೀವು ವರ ಹುಡುಕಿ ಕೊಡ್ತೀರೇನು?'

'ಕೊಡ್ತೀನಿ' ಎಂದೆ.

'ನಿಮಗ ನೀವ ಹುಡುಕ್ಕೊಂಡಿಲ್ಲ' ಎಂದು ನಕ್ಕರು. ಅವರ ಹೆಂಡತಿ ಸುಗುಣಮ್ಮ ಒಳಗೆ ಹತ್ತಿಯ ಸಿಪ್ಪೆ ತೆಗೆಯುತ್ತ ಕೂತಿದ್ದರು. ನಮ್ಮ ಮಾತು ಕೇಳಿಸುತ್ತಿತ್ತು. ಒಂದು ಸಲವೂ ತಲೆ ಎತ್ತಲಿಲ್ಲ.

ಯೋಸೇಫಪ್ಪನ ಭಯ ಸುಳ್ಳಲ್ಲ. ಹೆಣ್ಣು ಹೆತ್ತವರ ಭಯ ಅದು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ರಾಯಚೂರಿನಿಂದ ಜೀಪಿನಲ್ಲಿ ಬಂದ ನಮ್ಮ ಮೇಲ್ವಿಚಾರಕರ ಮೇಲೆ. ಈ ತಕರಾರು ಅವರ ಕಿವಿಗೆ ಬಿದ್ದಿತ್ತು. ಗುಡಿಯ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬಹಳ ಸುಲಭದ ಪರಿಹಾರ ಹೇಳಿದರು.

'ರೊಟ್ಟಿ ರಿವಾಜು ಹಳೇದಾತು. ಈಗ ಎಲ್ಲಾ ಕಡಿ ಬಿಸ್ಕೀಟು, ಚಹಾ ಕೊಡಾಕತ್ತಾರ. ಪಾಕೀಟು ಒಡದು ಹಂಚಿದ್ರ ಮುಗೀತು. ಜಗಳಿಲ್ಲ, ಮುಸುರಿಲ್ಲ.'

'ಬಿಸ್ಕೀಟಿಗೆ ಓಣಿ ಇಲ್ಲ ಅಂತೇನ್ರಿ ಸಾಹೇಬ್ರ?'

'ನೋಡಮ್ಮ, ಸಭಾ ಒಡೀಬಾರದು. ಅಷ್ಟ ನನಗ ಬೇಕು.'

ಸಭೆ ಆಗಲೇ ಒಡೆದಿತ್ತು, ಬಿಸ್ಕೀಟಿನಿಂದ ಮುಚ್ಚುತ್ತೇವೆ ಎನ್ನುತ್ತಿದ್ದರು. ಇದನ್ನು ನಾನು ಅವರಿಗೆ ಹೇಳಿದೆ. ಅವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ನಿಮ್ಮ ಮೇಲೂ ಇಂಥ ಸಾಹೇಬರು ಬರುತ್ತಾರೆ. ಸಭೆ ಒಡೆಯುತ್ತದೆ ಎಂದು ಹೆದರಿಸುತ್ತಾರೆ. ಯಾರ ಅವಮಾನದ ಮೇಲೆ ಆ ಸಭೆ ನಿಂತಿದೆ ಎಂದು ಕೇಳಿ.

ನನ್ನ ತಲೆಯಲ್ಲಿ ಒಂದು ಉಪಾಯ ಓಡುತ್ತಿತ್ತು. ಹಿಡಿ ಜೋಳದ ಚೀಲವನ್ನೇ ಗಿರಣಿಗೆ ಹಾಕಿಸುವುದು, ಗುಡಿಯ ಅಂಗಳದಲ್ಲೇ ಒಲೆ ಹೂಡಿ ಎರಡೂ ಓಣಿಯ ಹೆಂಗಸರು ರೊಟ್ಟಿ ಬಡಿಯುವುದು, ಎಲ್ಲವನ್ನೂ ಒಂದೇ ರಾಶಿ ಮಾಡುವುದು. ಯಾವುದು ಯಾರ ಕೈಯದು ಎಂದು ಯಾರಿಗೂ ತಿಳಿಯುವುದಿಲ್ಲ. ಬಹಳ ಜಾಣೆ ನಾನು ಎಂದುಕೊಂಡು ಮಾರ್ತಮ್ಮನಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲೇ ಇಲ್ಲ.

'ಬ್ಯಾಡ್ರಿ ಅಕ್ಕಾರ. ನನ್ನ ರೊಟ್ಟಿ ಯಾರೂ ತಿಳೀಲಾರದ ತಿನ್ನೂದು ಬ್ಯಾಡ. ತಿಳದು ತಿನ್ನಬೇಕು. ನಾ ಏನು ಕಳ್ಳ ಮಾಲು ಕೊಡಾಕತ್ತೀನೇನು?'

ನನ್ನ ಜಾಣತನ ಅಲ್ಲಿಗೇ ಮುಗಿಯಿತು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಹಾಗಾದರೆ ಬುಟ್ಟಿಯನ್ನು ಎಲ್ಲರ ಕಣ್ಣೆದುರೇ ತಾ, ಮೊದಲ ರೊಟ್ಟಿ ನಾನು ತಿನ್ನುತ್ತೇನೆ ಎಂದೆ. ಬೇರೆ ಯಾರೂ ತಿನ್ನದಿದ್ದರೆ, ಎಂದು ಅವಳು ಕೇಳಲಿಲ್ಲ.

ಆ ಸುಗ್ಗಿಯ ಭಾನುವಾರ ಮೇಲ್ವಿಚಾರಕರೂ ಬಂದರು, ಜೀಪಿನಲ್ಲಿ ಬಿಸ್ಕೀಟಿನ ಡಬ್ಬಿಗಳನ್ನು ಹಾಕಿಸಿಕೊಂಡೇ ಬಂದಿದ್ದರು. ಹಳೆಯ ರೂಢಿ ಎಂದು ಕೆಲವರು ಬುಟ್ಟಿಯನ್ನೂ ತಂದಿದ್ದರು. ಆರಾಧನೆ ಮುಗಿದು ಜನ ಬೇವಿನ ನೆರಳಿನಲ್ಲಿ ಕೂತಾಗ ಮಾರ್ತಮ್ಮ ಬುಟ್ಟಿಯನ್ನು ತಂದು ಸರಿಯಾಗಿ ನಡುವೆ ಇಟ್ಟು, ತಾನೇ ಬಟ್ಟೆ ಬಿಚ್ಚಿದಳು. ಎಳ್ಳಿನ ವಾಸನೆ ಬಂತು. ನಾನು ಒಂದು ರೊಟ್ಟಿ ತೆಗೆದುಕೊಂಡು, ಪುಂಡಿಪಲ್ಯ ಹಚ್ಚಿ, ನಾನು ತಿನ್ನುವ ಮೊದಲು ಮೇಲ್ವಿಚಾರಕರ ಮುಂದೆ ಹಿಡಿದೆ. ಅವರ ಕೈ ಮೇಲೇಳಲಿಲ್ಲ.

'ಡಾಕ್ಟರು ಎಣ್ಣಿ ಪದಾರ್ಥ ಬ್ಯಾಡ ಅಂದಾರ' ಎಂದರು.

ಜೋಳದ ರೊಟ್ಟಿಗೆ ಎಣ್ಣೆ ಹಾಕುವವರನ್ನು ನಾನು ಈ ಸೀಮೆಯಲ್ಲಿ ನೋಡಿಲ್ಲ. ಆ ರೊಟ್ಟಿಯನ್ನು ನಾನೇ ತಿನ್ನತೊಡಗಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾರ್ತಮ್ಮ ನೆಲ ನೋಡುತ್ತ ಕೂತಿದ್ದಳು. ಅವಳ ಕೈ ಬಟ್ಟೆಯ ಅಂಚಿಗೆ ಹೋಯಿತು, ಮತ್ತೆ ಮುಚ್ಚುವುದಕ್ಕೆ.

ಆಗ ಮೇಲಿನ ಓಣಿಯ ಹೆಂಗಸರ ನಡುವಿನಿಂದ ಸುಗುಣಮ್ಮ ಎದ್ದರು. ಯೋಸೇಫಪ್ಪ, 'ಎಲ್ಲಿಗೆ?' ಎಂದರು. ಸುಗುಣಮ್ಮ ನೇರ ಬಂದು ಬುಟ್ಟಿಯ ಮುಂದೆ ಕೂತರು.

'ಮುಚ್ಚಬ್ಯಾಡ ಮಾರ್ತಿ' ಎಂದರು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: 'ಹತ್ತಿ ಬಿಡಸಾಕ ಹೋದಾಗ ನಾನು, ಇಕಿ ಒಂದ ಸಾಲು ಹಿಡಿತೀವಿ. ಬುತ್ತಿ ಬಿಚ್ಚಿದಾಗ ಇಕಿ ರೊಟ್ಟಿ ನಾ ತಿಂತೀನಿ, ನನ್ನದು ಇಕಿ ತಿಂತಾಳ. ನನ್ನ ಲಗ್ನ ಆಗಿ ಈ ಊರಿಗೆ ಬಂದಾಗಿಂದ ತಿನ್ನಾಕತ್ತೀನಿ. ನಾ ಒಬ್ಬಾಕಿ ಅಲ್ಲ, ಇಲ್ಲಿ ಕುಂತಾಕೇರು ಭಾಳ ಮಂದಿ ತಿಂದೀರಿ. ಹೊಲದಾಗ ಇಲ್ಲದ್ದು ಗುಡ್ಯಾಗ ಎಲ್ಲಿಂದ ಬಂತು?'

ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು.

ನಾನು ಮಾರ್ತಮ್ಮನ ಕಡೆ ನೋಡಿದೆ. ಇಷ್ಟು ವರ್ಷ ಬುಟ್ಟಿ ಹೊತ್ತು ವಾಪಸು ಹೋದವಳು, ಒಂದೇ ಒಂದು ಮಾತು ಹೇಳಿದ್ದರೆ ಮೇಲಿನ ಓಣಿಯ ಹೆಂಗಸರ ಮಾನ ಹೋಗುತ್ತಿತ್ತು. ಅವಳು ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಸಭೆಯೊಳಗಿನ ಪ್ರೀತಿಯ ಬಗ್ಗೆ ನಾನು ಎಷ್ಟೋ ಪಾಠ ಮಾಡಿದ್ದೆ, ಆ ಪ್ರೀತಿ ಹತ್ತಿ ಹೊಲದಲ್ಲಿ ಮೊದಲೇ ಇತ್ತು. ಅದು ನನಗೆ ಗೊತ್ತೇ ಇರಲಿಲ್ಲ.

ಸುಗುಣಮ್ಮನ ಹಿಂದೆ ಇನ್ನೂ ಕೆಲವು ಹೆಂಗಸರು ಎದ್ದು ಬಂದರು. ಕೆಲವರು ಬರಲಿಲ್ಲ. ಗಂಡಸರಲ್ಲಿ ಒಬ್ಬರೂ ಬರಲಿಲ್ಲ, ಯೋಸೇಫಪ್ಪ ಟವೆಲ್ಲು ಕೊಡವಿ ಹೊರಟುಹೋದರು. ಬುಟ್ಟಿಯಲ್ಲಿ ರೊಟ್ಟಿ ಉಳಿದವು. ಆದರೂ ಮಾರ್ತಮ್ಮ ಗುಡಿ ಬಿಡಲಿಲ್ಲ.

ಸುದ್ದಿ ಮಸರಕಲ್ಲಿಗೆ ಬಸ್ಸಿಗಿಂತ ಮುಂಚೆ ತಲುಪಿತು. ಸಂಬಂಧ ಮುರಿಯಿತು. ಯೋಸೇಫಪ್ಪ ನನ್ನೊಂದಿಗೆ ಮಾತು ಬಿಟ್ಟರು. ಮೇಲಿನ ಓಣಿಯ ಎರಡು ಮನೆಯವರು ಸಭೆಯನ್ನೇ ಬಿಟ್ಟರು, ಆಮೇಲೂ ಬರಲಿಲ್ಲ. ಮೇಲ್ವಿಚಾರಕರು ನನ್ನನ್ನು ಕರೆಸಿ, ಮತ್ತೆ ಮಾನ್ವಿಗೆ ಹೋಗು, ಇನ್ನು ದೇವದುರ್ಗಕ್ಕೆ ಕಾಲಿಡಬೇಡ ಎಂದರು. ನಿನ್ನಿಂದ ಒಂದು ಹುಡುಗಿಯ ಬಾಳು ಹಾಳಾಯಿತು ಎಂದೂ ಅಂದರು. ಆ ಮಾತು ಮಾತ್ರ ನನ್ನನ್ನು ಚುಚ್ಚಿತು. ಗಂಟು ಕಟ್ಟುವ ಮೊದಲು ಯೋಸೇಫಪ್ಪನ ಮಗಳು ಗ್ರೇಸಮ್ಮನನ್ನು ನೋಡಲು ಹೋದೆ.

'ಚಿಂತಿ ಮಾಡಬ್ಯಾಡ್ರಿ ಅಕ್ಕಾರ' ಎಂದಳು ಆ ಹುಡುಗಿ. 'ಅಲ್ಲಿಗೆ ಹೋಗಿದ್ರ ಇವತ್ತು ಯಾರ ಮನ್ಯಾಗ ಉಂಡಿ, ಯಾರ ನೀರು ಕುಡದಿ ಅಂತ ದಿನಾ ಜವಾಬು ಕೊಡಬೇಕಿತ್ತು. ತಪ್ಪಿತು.'

ವರ ಹುಡುಕಿ ಕೊಡುತ್ತೇನೆ ಎಂದು ಯೋಸೇಫಪ್ಪನಿಗೆ ಮಾತು ಕೊಟ್ಟಿದ್ದೆನಲ್ಲ, ಮಾನ್ವಿಗೆ ಹೋದ ಮೇಲೆ ಅದೇ ನನ್ನ ಮೊದಲ ಕೆಲಸವಾಯಿತು. ಹಾರ್ಮೋನಿಯಂ ಹೊತ್ತ ದಾನಿಯೇಲ ಆಗ ಶಾಲೆಯಲ್ಲಿ ಮಾಸ್ತರನಾಗಿದ್ದ. ಅವನ ತಾಯಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆ, ಏನೂ ಮುಚ್ಚಿಡಲಿಲ್ಲ. ಅವರು, 'ರೊಟ್ಟಿ ತಿಂದಿದ್ದಕ್ಕ ಲಗ್ನ ಮುರದ್ರೇನು? ಬಂದು ನಮ್ಮ ಮನ್ಯಾಗೂ ತಿನ್ನಲಿ' ಎಂದರು. ಮದುವೆ ಮಾನ್ವಿಯಲ್ಲೇ ಆಯಿತು. ಸಾಮುವೇಲ ಮಾಸ್ತರರು ಪೆಟ್ಟಿಗೆ ನುಡಿಸಿದರು. ನನಗೆ ಹಾಡಬೇಡ ಎಂದು ಮೊದಲೇ ತಾಕೀತು ಮಾಡಿದ್ದರು. ಯೋಸೇಫಪ್ಪ ಬೀಗರ ಸಾಲಿನಲ್ಲಿ ಕೂತಿದ್ದರು, ನನ್ನ ಕಡೆ ನೋಡಿದರು, ಮಾತಾಡಲಿಲ್ಲ.

ಎಂಬತ್ತರ ದಶಕ ಕಾಲಿಟ್ಟಿತ್ತು. ಮದುವೆಯ ಮುಂದಿನ ಸುಗ್ಗಿಗೆ ನಾನು ಯಾರನ್ನೂ ಕೇಳದೆ ದೇವದುರ್ಗದ ಬಸ್ಸು ಹತ್ತಿದೆ. ಕಾಲಿಡಬೇಡ ಎಂದಿದ್ದರು. ಕಾಲು ನನ್ನದು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು, ನಾನು ಗುಡಿಯ ಅಂಗಳ ಸೇರುವ ಹೊತ್ತಿಗೆ ಊಟ ಮುಗಿದು ಜನ ಕೈ ತೊಳೆಯುತ್ತಿದ್ದರು. ಬೇವಿನ ಕೆಳಗೆ ಮಾರ್ತಮ್ಮ ಬುಟ್ಟಿಯನ್ನು ಬೋರಲು ಹಾಕಿ ತುಣುಕುಗಳನ್ನು ಕೊಡವುತ್ತಿದ್ದಳು. ನನ್ನನ್ನು ನೋಡಿ ನಕ್ಕಳು.

'ತಡಾ ಮಾಡಿದ್ರಿ ಅಕ್ಕಾರ. ರೊಟ್ಟಿ ಖಾಲಿ ಆದ್ವು.'

'ಎಲ್ಲಾ?'

'ಎಲ್ಲಾ. ಕಡೀವು ಎರಡಿದ್ವು, ನಿಮಗಂತ ಇಟ್ಟಿದ್ದೆ. ಯೋಸೇಫಪ್ಪ ಹಿರೇರು ಬಂದು ಕೇಳಿ ತಗೊಂಡ್ರು. ಇಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ.'

ಅಂಗಳದ ಆಚೆ ಕಡೆ ಯೋಸೇಫಪ್ಪ ತಲೆ ಎತ್ತದೆ ಕೈ ತೊಳೆಯುತ್ತಿದ್ದರು. ನನ್ನ ಕಣ್ಣಿನಲ್ಲಿ ನೀರು ತುಂಬಿತು. ಮಾರ್ತಮ್ಮ ಅದನ್ನು ಹಸಿವು ಎಂದುಕೊಂಡಳೋ ಏನೋ, ಗುಡಿಯೊಳಗೆ ಹೋಗಿ ಒಂದು ಪಾಕೀಟು ತಂದಳು.

'ಸಾಹೇಬ್ರು ಕಳಿಸಿದ್ದು ಅದಾವ. ಯಾರೂ ಮುಟ್ಟಿಲ್ಲ' ಎಂದು ಒಡೆದು ಕೈಗಿಟ್ಟಳು.

ಆ ವರ್ಷದ ಪ್ರೀತಿ ಊಟದಲ್ಲಿ ಬಿಸ್ಕೀಟು ತಿಂದವಳು ನಾನೊಬ್ಬಳೇ. ಬುಟ್ಟಿಯ ಪಕ್ಕದಲ್ಲೇ ಕೂತು, ಪಾಕೀಟು ಮುಗಿಯುವ ತನಕ ತಿಂದೆ.